ಐಎಸ್‌ಐ ಮುದ್ರೆಯೂ ಗೋಡೆಯ ಪ್ರಮಾಣಪತ್ರವೂ

ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಮಾಲನ್ನು ವಿಂಗಡಿಸುವವರ ಕಣ್ಣಿನ ನೈಪುಣ್ಯವನ್ನು ಕಂಡವರಾರೂ ಗುಣಪರೀಕ್ಷೆಯು ಪರದೇಶದಿಂದ ಬಂದ ವಿದ್ಯೆಯೆಂದು ಹೇಳಲಾರರು. ಆದರೆ ಆ ಕಣ್ಣು ಅಳೆಯುವುದು ಎದುರಿಗಿರುವ ಅಡಿಕೆಯನ್ನೇ ಹೊರತು, ಅದನ್ನು ಸುಲಿದು, ಬೇಯಿಸಿ, ಒಣಗಿಸಿದ ಮನೆಯ ಕೆಲಸದ ಕ್ರಮವನ್ನಲ್ಲ. ಮಳೆ ಕಡಮೆಯಾದ ಜಗಳೂರು ಸೀಮೆಯಲ್ಲಿ ಕೊಳವೆಬಾವಿಗೆ ಇಳಿಯುವ ಪಂಪಿನ ಮೇಲಣ ಐಎಸ್‌ಐ ಮುದ್ರೆಯೂ ಹಾಗೆಯೇ ವಸ್ತುವಿಗೆ ಸಂಬಂಧಿಸಿದುದು. ವಸ್ತುವನ್ನು ಬಿಟ್ಟು, ಅದನ್ನು ಮಾಡುವ ರೀತಿಯನ್ನು ಪರಿಶೀಲಿಸಲೆಂದು 1987ರಲ್ಲಿ ಪ್ರಕಟವಾದುದು ಐಎಸ್‌ಒ 9001 ಎಂಬ ಮಾನಕ. ಗಿರಣಿ, ಆಸ್ಪತ್ರೆ, ಕಚೇರಿಗಳ ಗೋಡೆಗಳಲ್ಲಿ ಚೌಕಟ್ಟು ಹಾಕಿಸಿ ತೂಗುಹಾಕಿರುವ ಪ್ರಮಾಣಪತ್ರಗಳಿಗೆ ಮೂಲವು ಅದೇ.

ಆ ಪತ್ರವನ್ನು ‘ಐಎಸ್‌ಒದವರು ಕೊಟ್ಟರು’ ಎನ್ನುವುದು ರೂಢಿಯಾದರೂ, ಜಿನೀವಾದಲ್ಲಿರುವ ಆ ಸಂಸ್ಥೆಯು ಮಾನಕಗಳನ್ನು ಪ್ರಕಟಿಸುವುದೇ ವಿನಾ ಯಾರಿಗೂ ಪ್ರಮಾಣಪತ್ರವನ್ನು ನೀಡುವುದಿಲ್ಲ. ಅದರ ಸದಸ್ಯರೆಂದರೆ ದೇಶಕ್ಕೊಂದರಂತೆ ಇರುವ ರಾಷ್ಟ್ರೀಯ ಮಾನಕ ಸಂಸ್ಥೆಗಳು. ಸ್ವಾತಂತ್ರ್ಯಕ್ಕೂ ಕೆಲವು ತಿಂಗಳು ಮುಂಚೆ, 1947ರ ಜನವರಿಯಲ್ಲಿ, ಸ್ಥಾಪಿತವಾದ ಭಾರತೀಯ ಮಾನಕ ಸಂಸ್ಥೆಯು 1987ರ ಏಪ್ರಿಲ್ 1ರಿಂದ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, ಎಂಬ ಶಾಸನಬದ್ಧ ರೂಪವನ್ನು ತಳೆಯಿತು. ಅಂತರರಾಷ್ಟ್ರೀಯ ಸಮಿತಿಗಳಲ್ಲಿ ದೇಶದ ಪರವಾಗಿ ಮತ ನೀಡುವುದು, ಅಲ್ಲಿ ಒಪ್ಪಿತವಾದುದನ್ನು ಭಾರತದ ಮಾನಕವೆಂದು ಅಂಗೀಕರಿಸುವುದು, ಇವೆರಡರಲ್ಲಿಯೇ ನಿಲ್ಲದೆ ಅದು 1991ರಿಂದ ಗುಣಮಟ್ಟ ನಿರ್ವಹಣೆಯ ಪ್ರಮಾಣಪತ್ರವನ್ನೂ ತಾನೇ ನೀಡುತ್ತ ಬಂದಿದೆ. ನಿಯಮವನ್ನು ಅಂಗೀಕರಿಸಿದವನೇ ಪರೀಕ್ಷಕನೂ ಆಗುವುದು ಉಚಿತವೇ ಎಂದು ಸಂದೇಹಪಡುವವರುಂಟು. ಖಾಸಗಿ ಸಂಸ್ಥೆಗಳೂ ಇದೇ ಕಾರ್ಯದಲ್ಲಿ ತೊಡಗಿರುವುದರಿಂದ ನನಗಂತೂ ಅದು ದೊಡ್ಡ ದೋಷವಾಗಿ ತೋರದು. ಭಯವಿರುವುದು ಬೇರೆಡೆ. ಭಾರತೀಯ ಗುಣಮಟ್ಟ ಮಂಡಳಿಯ ಅಂಗವಾದ ಎನ್‌ಎಬಿಸಿಬಿಯಂಥ ಮಾನ್ಯತಾ ಸಂಸ್ಥೆಯ ಅಂಗೀಕಾರವಿಲ್ಲದೆ, ಸ್ಥಳಪರಿಶೀಲನೆಯನ್ನೂ ಮಾಡದೆ, ಹಣ ತೆತ್ತವರಿಗೆಲ್ಲ ಪತ್ರ ಬರೆದುಕೊಡುವವರೂ ಇದ್ದಾರೆ. ಆದುದರಿಂದ ಹೊನ್ನಾಳಿಯ ಅಕ್ಕಿ ಗಿರಣಿಯೊಂದು ಇಂಥ ಪತ್ರವನ್ನು ತೋರಿಸಿದರೆ, ನೀಡಿದವರ ಹೆಸರಿನೊಡನೆ ವ್ಯಾಪ್ತಿಯ ಸಾಲನ್ನೂ ಓದಬೇಕು; ಸಾಮಾನ್ಯವಾಗಿ ಮೂರು ವರ್ಷ ನಡೆಯುವ ಆ ಪತ್ರವು ಚೀಲ ತುಂಬುವ ವಿಭಾಗವೊಂದಕ್ಕಷ್ಟೆ ಸೀಮಿತವಾಗಿರಲೂಬಹುದು.

ಸರ್ಕಾರಿ ಸೇವೆಗಳಿಗಾಗಿ ಬಿಐಎಸ್ 2005ರಲ್ಲಿ ಹೊರತಂದ ಐಎಸ್ 15700 ಎಂಬ ಮಾನಕವು ಜನಸಾಮಾನ್ಯರಿಗೆ ಇದಕ್ಕಿಂತ ಸಮೀಪವಾದುದು. ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ನ್ಯಾಮತಿಯಂಥ ಕಡೆ, ಕಡತಗಳ ಪದ್ಧತಿ ಜಡ್ಡುಗಟ್ಟುವ ಮುನ್ನವೇ ಅದನ್ನು ಅನುಸರಿಸಿದ್ದಾದರೆ, ಆದಾಯ ಪ್ರಮಾಣಪತ್ರವು ಎಷ್ಟು ದಿನದಲ್ಲಿ ದೊರೆಯಬೇಕು, ತಡವಾದರೆ ದೂರನ್ನು ಯಾರಲ್ಲಿ ದಾಖಲಿಸಬೇಕು, ಅದಕ್ಕೆ ಉತ್ತರ ಹೇಳತಕ್ಕವರಾರು ಎಂಬುದನ್ನು ಕಚೇರಿಯು ಬರೆದಿಟ್ಟು ಪರೀಕ್ಷಕರಿಗೆ ತೋರಿಸಬೇಕಾಗುತ್ತದೆ. ಸಕಾಲ ಕಾಯಿದೆಯು ಗಡುವನ್ನು ವಿಧಿಸಿತು. ಆ ಗಡುವು ಮೀರದಂತೆ ಒಳಗಿನ ಕೆಲಸವನ್ನು ಹೇಗೆ ಹಂಚಿಕೊಂಡಿದ್ದೀರಿ ಎಂದು ಈ ಮಾನಕವು ಕೇಳುತ್ತದೆ.