ಅಪ್ಪಯ್ಯನ ಕಿವಿಗೊಂದು ಸ್ಪೀಕರ್

ಮೊದಲ ಸಂಬಳದಲ್ಲಿ ಏನು ಕೊಳ್ಳಬೇಕು ಎಂದು ನಾನು ಹದಿನಾಲ್ಕು ತಿಂಗಳು ಯೋಚಿಸಿದ್ದೆ. ಅಷ್ಟು ದಿನವೂ ಕೆಲಸ ಹುಡುಕುತ್ತಿದ್ದವನಿಗೆ ಯೋಚಿಸಲು ಸಮಯವೇನೂ ಕಡಿಮೆ ಇರಲಿಲ್ಲ. ಉತ್ತರ ಮಾತ್ರ ಪ್ರತಿ ಸಲ ಒಂದೇ ಆಗಿತ್ತು: ಅಪ್ಪಯ್ಯನಿಗೆ ಒಂದು ಒಳ್ಳೆಯ ಸ್ಪೀಕರ್.

ನಮ್ಮದು ಹೊಸನಗರದ ಕಡೆಯ ಒಂದು ಹಳ್ಳಿ. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದ ಜಾಹೀರಾತಿನವರೆಗೂ ಬಿಡದೆ ಓದುತ್ತಿದ್ದ ಅಪ್ಪಯ್ಯನಿಗೆ ಗ್ಲುಕೋಮಾದಿಂದ ಕಣ್ಣು ಮಂಜಾಯಿತು. ಅಕ್ಷರ ಹೋದ ಮೇಲೆ ಅವರಿಗೆ ಉಳಿದದ್ದು ಕಿವಿ. ಬೆಳಿಗ್ಗೆ ಭದ್ರಾವತಿ ಆಕಾಶವಾಣಿ, ರಾತ್ರಿ ತಾಳಮದ್ದಳೆ. ಕಳೆದ ಮಳೆಗಾಲದಲ್ಲಿ ಸಿಡಿಲಿಗೆ ರೇಡಿಯೊವೂ ಸುಟ್ಟುಹೋಯಿತು. ಆಮೇಲೆ ಮೊಬೈಲನ್ನೇ ಕಿವಿಗೆ ಒತ್ತಿ ಹಿಡಿದು, ಕೈ ಸೋತಾಗ ಇನ್ನೊಂದು ಕೈಗೆ ಬದಲಿಸಿಕೊಂಡು ಕೇಳುತ್ತಿದ್ದರು.

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದೆ. ಸಂಬಳ ಬಂದ ರಾತ್ರಿ ಪಿಜಿಯ ಮಂಚದ ಮೇಲೆ ಕೂತು ಆನ್‌ಲೈನಿನಲ್ಲಿ ಆರು ಸಾವಿರ ರೂಪಾಯಿಯ ಬ್ಲೂಟೂತ್ ಸ್ಪೀಕರ್ ತರಿಸಿದೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 120 ವ್ಯಾಟ್. ಬಾಸ್ ಬಂದರೆ ಎದೆ ನಡುಗಬೇಕು, ಸುತ್ತಲೂ ಬಣ್ಣದ ದೀಪ ಬೇರೆ. ಊರಿಗೆ ಕಳಿಸಿ, ಎರಡು ದಿನ ಬಿಟ್ಟು ಫೋನ್ ಮಾಡಿದೆ.

“ಹೇಗಿದೆ ಅಪ್ಪಯ್ಯ?”

“ಭಾರೀ ಜೋರಿದೆ ಮಾರಾಯ” ಅಂದರು.

ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ದೀಪಾವಳಿಗೆ ಊರಿಗೆ ಹೋದಾಗ ಸ್ಪೀಕರ್ ಕಪಾಟಿನ ಮೇಲಿತ್ತು. ಧೂಳು ಕೂರದಂತೆ ಅದರ ಮೇಲೊಂದು ಪಂಚೆ ಹೊದಿಸಿದ್ದರು. ಅಪ್ಪಯ್ಯ ಜಗಲಿಯ ಮೇಲೆ ಮೊದಲಿನ ಹಾಗೆಯೇ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕೂತಿದ್ದರು. ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದ್ರಲ್ಲಿ ಸದ್ದು ಬರ್ತದೆ, ಮಾತು ಬರೋದಿಲ್ಲ” ಅಂದರು. ಅಡುಗೆಮನೆಯಲ್ಲಿ ಅಮ್ಮ ಮೆಲ್ಲಗೆ, “ಮೊದಲ ಸಂಬಳದಲ್ಲಿ ತಂದದ್ದು ಅಂತ ಅವರು ನಿಂಗೆ ಹೇಳ್ಲಿಲ್ಲ” ಅಂದಳು. ಅಷ್ಟರಲ್ಲಿ ವಾಪಸ್ ಕಳಿಸುವ ಗಡುವು ಮುಗಿದು ವಾರಗಳಾಗಿದ್ದವು.

ಅಪ್ಪಯ್ಯ ಹೇಳಿದ ಆ ಒಂದು ಮಾತನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು. ಆ ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮೊದಲ ಸಂಬಳವೂ ಕಪಾಟಿನ ಮೇಲೆ ಕೂರಬಾರದಲ್ಲ!

ಸದ್ದು ಬೇರೆ, ಮಾತು ಬೇರೆ

ಮನುಷ್ಯನ ಕಿವಿ ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗಿನ ಧ್ವನಿಯನ್ನು ಕೇಳಬಲ್ಲದು ಎಂದು ನಾವೆಲ್ಲ ಓದಿದ್ದೇವೆ. ವಯಸ್ಸಾದಂತೆ ಮೊದಲು ಮಸುಕಾಗುವುದು ಮೇಲಿನ ತುದಿ. ನಾವು ಆಡುವ ಮಾತಿನಲ್ಲಿ ಅ, ಆ, ಓ ಥರದ ಸ್ವರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿ ಇರುತ್ತದೆ. ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಇರುವುದು ಹೆಚ್ಚಾಗಿ 2,000 ಹರ್ಟ್ಜ್‌ನ ಮೇಲೆ. ಸತಿ, ಪತಿ, ಮತಿ ಎಂಬ ಮೂರು ಪದಗಳನ್ನು ಬೇರೆ ಮಾಡುವುದು ಮೊದಲ ವ್ಯಂಜನವೊಂದೇ. ಅದು ಮಸುಕಾದರೆ ಯಾರೋ ಮಾತಾಡುತ್ತಿದ್ದಾರೆ ಎಂದಷ್ಟೇ ತಿಳಿಯುತ್ತದೆ, ಏನು ಮಾತಾಡಿದರು ಎಂದು ತಿಳಿಯುವುದಿಲ್ಲ.

ಇದರ ಮೇಲೆ ಇನ್ನೊಂದು ತೊಂದರೆ. ಗಟ್ಟಿಯಾದ ತಗ್ಗಿನ ಧ್ವನಿ ತನಗಿಂತ ಎತ್ತರದ ಧ್ವನಿಯನ್ನು ಮುಚ್ಚಿಹಾಕುತ್ತದೆ. ಬಾಸ್ ಹೆಚ್ಚಿರುವ ಸ್ಪೀಕರಿನಲ್ಲಿ ಅಪ್ಪಯ್ಯನಿಗೆ ಆಗುತ್ತಿದ್ದದ್ದು ಇದೇ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿಯ ಮಾತೇ ಎಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ರಾಮನನ್ನು ಪ್ರಶ್ನಿಸುವಾಗ ಒಂದೊಂದು ಪದಕ್ಕೂ ತೂಕವಿದೆ. ಅಂಥ ಮಾತಿಗೆ ನಾನು ಡಿಜೆ ಪೆಟ್ಟಿಗೆ ಕಳಿಸಿದ್ದೆ.

ಅಪ್ಪಯ್ಯನನ್ನು ಶಿವಮೊಗ್ಗದಲ್ಲಿ ಕಿವಿಯ ವೈದ್ಯರಿಗೂ ತೋರಿಸಿದೆವು. ಪರೀಕ್ಷೆಯಲ್ಲಿ ಎತ್ತರದ ಕಂಪನಗಳ ಕಡೆ ಗೆರೆ ಕೆಳಗಿಳಿದಿತ್ತು. ವಯಸ್ಸಿಗೆ ಸಹಜ, ಸದ್ಯಕ್ಕೆ ಶ್ರವಣ ಸಾಧನ ಬೇಡ, ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದರು. ಮನೆಯಲ್ಲಿ ಹಿರಿಯರು ಟೀವಿಯ ಸದ್ದನ್ನು ದಿನದಿನಕ್ಕೆ ಏರಿಸುತ್ತಿದ್ದರೆ ಸ್ಪೀಕರ್ ಹುಡುಕುವ ಮೊದಲು ಈ ಪರೀಕ್ಷೆ ಮಾಡಿಸಿ.

ವ್ಯಾಟ್ ಎಂಬ ಮೋಡಿ

120 ವ್ಯಾಟ್ ಅಂದರೆ 60 ವ್ಯಾಟಿನ ಎರಡು ಪಟ್ಟು ಜೋರು ಎಂದು ನಾನು ಎಣಿಸಿದ್ದೆ. ಲೆಕ್ಕ ಹಾಗಿಲ್ಲ. ವಿದ್ಯುತ್ ಶಕ್ತಿ ಎರಡು ಪಟ್ಟಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ‘ಸ್ವಲ್ಪ ಹೆಚ್ಚಾಯಿತು’ ಅನ್ನುವಷ್ಟು. ಎರಡು ಪಟ್ಟು ಜೋರಾಯಿತು ಎನ್ನಿಸಲು ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಅದೂ ಅಲ್ಲದೆ, ಒಂದೇ ವ್ಯಾಟಿಗೆ ಒಂದು ಸ್ಪೀಕರ್ ಹೆಚ್ಚು ಸದ್ದು ಕೊಡುತ್ತದೆ, ಇನ್ನೊಂದು ಕಡಿಮೆ ಕೊಡುತ್ತದೆ.

ಪೆಟ್ಟಿಗೆಯ ಮೇಲೆ ‘ಪಿಎಂಪಿಒ’ ಎಂದಿದ್ದರೆ ಅದನ್ನು ನಂಬಿ ಹೋಗಬೇಡಿ. ಅದು ಕ್ಷಣಮಾತ್ರದ ಗರಿಷ್ಠದ ಹೆಸರಿನಲ್ಲಿ ಉಬ್ಬಿಸಿದ ಸಂಖ್ಯೆ. ನೋಡಬೇಕಾದದ್ದು ‘ಆರ್‌ಎಂಎಸ್’, ಅಂದರೆ ಸ್ಪೀಕರ್ ನಿರಂತರವಾಗಿ ಕೊಡಬಲ್ಲ ಶಕ್ತಿ. ಹತ್ತು–ಹನ್ನೆರಡು ಅಡಿಯ ಕೋಣೆಯಲ್ಲಿ ಮಾತು, ಹಾಡು ಕೇಳಲು 10ರಿಂದ 20 ವ್ಯಾಟ್ ಆರ್‌ಎಂಎಸ್ ಧಾರಾಳ ಸಾಕು.

ಬ್ಲೂಟೂತೋ, ವೈಫೈಯೋ?

ಬ್ಲೂಟೂತ್ ಎಂಬುದು ಹತ್ತನೇ ಶತಮಾನದ ಡೆನ್ಮಾರ್ಕ್ ದೊರೆ ಹೆರಾಲ್ಡ್ ಬ್ಲೂಟೂತ್‌ನ ಹೆಸರು. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಕೆಲಸ ಶುರುವಾಗಿ, 1998ರಲ್ಲಿ ಹಲವು ಕಂಪನಿಗಳು ಸೇರಿ ಇದನ್ನು ಸಾಮಾನ್ಯ ಮಾನದಂಡವಾಗಿ ಬೆಳೆಸಿದವು. ಸಂದರ್ಶನದಲ್ಲಿ ಯಾರಾದರೂ ಕೇಳಿದರೆ ಹೇಳಬಹುದು!

ಇದು 2.4 ಗಿಗಾಹರ್ಟ್ಜ್ ತರಂಗದಲ್ಲಿ ಕೆಲಸ ಮಾಡುತ್ತದೆ. ಮನೆಯೊಳಗೆ ಸುಮಾರು ಹತ್ತು ಮೀಟರ್ ದೂರ ಎಂದುಕೊಳ್ಳಿ, ನಡುವೆ ದಪ್ಪ ಗೋಡೆ ಬಂದರೆ ಇನ್ನೂ ಕಡಿಮೆ. ಧ್ವನಿಯನ್ನು ಫೋನೇ ಸಂಕುಚಿತಗೊಳಿಸಿ ಕಳಿಸುತ್ತದೆ. ಆ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಎಸ್‌ಬಿಸಿ ಎಲ್ಲದರಲ್ಲೂ ಇರುತ್ತದೆ. ಎಎಸಿ, ಆಪ್ಟ್‌ಎಕ್ಸ್, ಎಲ್‌ಡ್ಯಾಕ್ ಬೇಕೆಂದರೆ ಫೋನು, ಸ್ಪೀಕರ್ ಎರಡರಲ್ಲೂ ಒಂದೇ ಕೋಡೆಕ್ ಇರಬೇಕು. ನಿಮ್ಮ ಫೋನಿನಲ್ಲಿ ಇಲ್ಲದ ಕೋಡೆಕ್‌ಗೆ ಹೆಚ್ಚು ದುಡ್ಡು ಕೊಟ್ಟರೆ ಅದು ದಂಡ. ಹಾಗೆಯೇ ಬ್ಲೂಟೂತ್ 5.0, 5.3 ಎಂಬ ಸಂಖ್ಯೆ ಏರಿದ ಮಾತ್ರಕ್ಕೆ ಧ್ವನಿ ಇಂಪಾಗುವುದಿಲ್ಲ.

ವೈಫೈ ಸ್ಪೀಕರಿನ ದಾರಿ ಬೇರೆ. ಅದು ರೂಟರ್ ಮೂಲಕ ತಾನೇ ಇಂಟರ್‌ನೆಟ್‌ನಿಂದ ಹಾಡು ಎಳೆದುಕೊಳ್ಳುತ್ತದೆ. ನಿಮಗೆ ಫೋನ್ ಕರೆ ಬಂದರೂ ಹಾಡು ನಿಲ್ಲುವುದಿಲ್ಲ, ಹೊಂದುವ ಸ್ಪೀಕರ್‌ಗಳಿದ್ದರೆ ಕೋಣೆಗೊಂದು ಇಟ್ಟು ಮನೆಯಿಡೀ ಒಂದೇ ಹಾಡು ಕೇಳಬಹುದು. ಊರಲ್ಲಿ ಗಟ್ಟಿ ಇಂಟರ್‌ನೆಟ್, ತಡೆಯಿಲ್ಲದ ಕರೆಂಟು ಇರುವವರಿಗೆ ಇದು ಒಳ್ಳೆಯ ಆಯ್ಕೆ. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಬರುವುದು ಮಾರನೆಯ ದಿನ. ಕರೆಂಟಿಲ್ಲ ಅಂದರೆ ರೂಟರ್ ಇಲ್ಲ, ರೂಟರ್ ಇಲ್ಲ ಅಂದರೆ ವೈಫೈ ಸ್ಪೀಕರ್ ಬರೀ ಡಬ್ಬಿ. ಹಾಗಾಗಿ ನಮಗೆ ಬ್ಲೂಟೂತ್, ಅದೂ ಬ್ಯಾಟರಿ ಇರುವುದೇ ಸರಿ ಎಂದು ತೀರ್ಮಾನವಾಯಿತು.

ಟೀವಿಗೆ ಜೋಡಿಸುವವರು ಇನ್ನೊಂದು ವಿಷಯ ಗಮನಿಸಿ. ಬ್ಲೂಟೂತಿನಲ್ಲಿ ಧ್ವನಿ ತಲುಪಲು ಸ್ವಲ್ಪ ತಡವಾಗುತ್ತದೆ. ಹಾಡಿಗೆ ಅದು ಗೊತ್ತಾಗುವುದಿಲ್ಲ, ಆದರೆ ವಾರ್ತೆ ಓದುವವರ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗಬಹುದು. ಟೀವಿಗಾದರೆ ಎಚ್‌ಡಿಎಂಐ ಇಲ್ಲವೇ ಆಪ್ಟಿಕಲ್ ವೈರಿನಲ್ಲಿ ಜೋಡಿಸುವ ಸೌಂಡ್‌ಬಾರ್ ವಾಸಿ.

ಅಂಗಡಿಯಲ್ಲಿ ವಾಲಿವಧೆ

ಎರಡನೇ ಸಲ ಆನ್‌ಲೈನಿಗೆ ಹೋಗಲಿಲ್ಲ. ಫೋನಿನಲ್ಲಿ ‘ವಾಲಿವಧೆ’ ತುಂಬಿಕೊಂಡು ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯವರು ಸಿನಿಮಾ ಹಾಡು ಹಾಕಿ ತೋರಿಸಲು ಬಂದರು. ಅವರ ಹಾಡು ಬೇಡ, ನನ್ನದೇ ಹಾಕುತ್ತೇನೆ ಎಂದೆ. ಚೆಂಡೆ ಬಾರಿಸಿದ ಕೂಡಲೇ ಪಕ್ಕದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ನಾಚಿಕೆಯಾಯಿತು, ಆದರೂ ಬಿಡಲಿಲ್ಲ.

ಮೂರು ಪರೀಕ್ಷೆ ಮಾಡಿದೆ. ಮೊದಲನೆಯದು, ಸದ್ದು ತಗ್ಗಿಸಿ ಹತ್ತು ಹೆಜ್ಜೆ ದೂರ ನಿಂತೆ. ಅರ್ಥಧಾರಿಯ ಮಾತು ಪದಪದವಾಗಿ ಬಿಡಿಸಿ ಕೇಳಬೇಕು. ಎರಡನೆಯದು, ಭಾಗವತರ ದನಿ, ತಾಳ, ಮದ್ದಳೆ ಮೂರೂ ಬೇರೆ ಬೇರೆಯಾಗಿ ಗೊತ್ತಾಗಬೇಕು. ಮೂರನೆಯದು, ಸದ್ದು ಪೂರ್ತಿ ಏರಿಸಿದಾಗ ಚೆಂಡೆ ಒಡೆದ ತಗಡಿನಂತೆ ಕೇಳಬಾರದು. ದುಬಾರಿಯ ಎರಡು ಸ್ಪೀಕರ್ ಮೊದಲ ಪರೀಕ್ಷೆಯಲ್ಲೇ ಬಿದ್ದವು. ಗೆದ್ದದ್ದು ಮೂರೂವರೆ ಸಾವಿರದ, ದೀಪಗೀಪ ಏನೂ ಇಲ್ಲದ, 16 ವ್ಯಾಟಿನದು. ನೀವು ಕೇಳುವುದು ಭಾವಗೀತೆಯೋ, ಗಿಟಾರೋ, ಕ್ರಿಕೆಟ್ ಕಾಮೆಂಟರಿಯೋ, ಅದನ್ನೇ ಒಯ್ದು ಪರೀಕ್ಷಿಸಿ.

ಧ್ವನಿ ಒಪ್ಪಿದ ಮೇಲೆ ಉಳಿದದ್ದನ್ನು ನೋಡಿದೆ. ಗುಂಡಿಗಳು ಉಬ್ಬಿವೆಯೇ? ಕಣ್ಣು ಕಾಣದವರಿಗೆ ಬೆರಳೇ ಕಣ್ಣು. ಎಫ್‌ಎಂ ಇದೆಯೇ? ಮೆಮೊರಿ ಕಾರ್ಡ್ ಹಾಕಬಹುದೇ? ಸಾಧಾರಣ ಗುಣಮಟ್ಟದ ಎಂಪಿ3ಯಲ್ಲಿ ಒಂದು ಗಂಟೆಯ ಧ್ವನಿಗೆ ಸುಮಾರು 60 ಎಂಬಿ ಬೇಕು. 32 ಜಿಬಿ ಕಾರ್ಡಿನಲ್ಲಿ 500 ಗಂಟೆಯ ಪ್ರಸಂಗ ಹಿಡಿಸುತ್ತದೆ. ಕಾರ್ಡ್ ಇದ್ದರೆ ಫೋನ್ ಜೋಡಿಸುವ ಗೋಜೇ ಇಲ್ಲ. ಬ್ಯಾಟರಿ ಇಷ್ಟು ಗಂಟೆ ಎಂದು ಬರೆದಿರುವುದು ಸಾಮಾನ್ಯವಾಗಿ ಮಧ್ಯಮ ಸದ್ದಿನ ಲೆಕ್ಕ, ಜೋರಾಗಿ ಇಟ್ಟರೆ ಬೇಗ ಮುಗಿಯುತ್ತದೆ. ‘ಐಪಿಎಕ್ಸ್7’ ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ತಡೆಯುತ್ತದೆ ಎಂದರ್ಥ. ಜಗಲಿಯ ಇರಚಲಿಗೆ ಅಷ್ಟೆಲ್ಲ ಬೇಕಿಲ್ಲ, ‘ಐಪಿಎಕ್ಸ್5’ ಸಾಕು. ಬಿಲ್ಲು ಮತ್ತು ವಾರಂಟಿ ಕಾರ್ಡನ್ನು ಜೋಪಾನ ಮಾಡಿ. ಸರ್ವಿಸ್ ಸೆಂಟರ್ ನಿಮ್ಮ ಊರಿಗೆ ಎಷ್ಟು ದೂರ ಎಂದೂ ಅಂಗಡಿಯಲ್ಲೇ ಕೇಳಿ.

ಇಡುವ ಜಾಗವೂ ಮುಖ್ಯ

ಊರಿಗೆ ನಾನೇ ಒಯ್ದೆ. ಮೊದಲು ಗೋಡೆಯ ಮೂಲೆಯಲ್ಲಿಟ್ಟೆ. ಮಾತು ಮತ್ತೆ ಗುಂಯ್ ಎನ್ನತೊಡಗಿತು. ಮೂಲೆಯಲ್ಲಿಟ್ಟರೆ ಬಾಸ್ ಹೆಚ್ಚಾಗುತ್ತದೆ ಎಂದು ಓದಿದ್ದು ಆಗ ನೆನಪಾಯಿತು. ಅಲ್ಲಿಂದ ತೆಗೆದು, ಅಪ್ಪಯ್ಯ ಕೂರುವ ಜಾಗದಿಂದ ಮೂರಡಿ ದೂರದ ಸ್ಟೂಲಿನ ಮೇಲೆ, ಕಿವಿಯ ಎತ್ತರಕ್ಕೆ ಇಟ್ಟೆ. ಹತ್ತಿರವಿದ್ದರೆ ಸದ್ದು ಹೆಚ್ಚಿಸಬೇಕಾಗಿಲ್ಲ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದರೆ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಸ್ಪೀಕರನ್ನು ಎರಡು ಹೆಜ್ಜೆ ಹತ್ತಿರ ತರುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಅಮ್ಮ ತನ್ನ ಹರಳಿನ ಬೊಟ್ಟೊಂದನ್ನು ತಂದು ಶುರು ಮಾಡುವ ಗುಂಡಿಯ ಮೇಲೆ ಅಂಟಿಸಿದಳು. ಅಪ್ಪಯ್ಯ ಬೆರಳಾಡಿಸಿ ಅದನ್ನು ಹುಡುಕಿ, ಒತ್ತಿದರು. ವಾಲಿ ಮಾತಾಡತೊಡಗಿದ. ಅಪ್ಪಯ್ಯ ಏನೂ ಹೇಳಲಿಲ್ಲ. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿ ಕೂತರು. ಎರಡೂ ಕೈ ಖಾಲಿ ಇಟ್ಟುಕೊಂಡು ಅವರು ಪ್ರಸಂಗ ಕೇಳಿದ್ದನ್ನು ನಾನು ಎಷ್ಟೋ ತಿಂಗಳ ಮೇಲೆ ನೋಡಿದೆ.

ಗೆಳೆಯರೇ, ನನ್ನ ಮೊದಲ ಸ್ಪೀಕರ್ ಕೆಟ್ಟದ್ದಾಗಿರಲಿಲ್ಲ. ಅದು ಈಗ ಹಾಸ್ಟೆಲಿನಲ್ಲಿರುವ ಚಿಕ್ಕಪ್ಪನ ಮಗನ ಕೋಣೆಯಲ್ಲಿದೆ, ಅವನಿಗೆ ಭಾರೀ ಖುಷಿ. ನಾನು ನನ್ನ ಕಿವಿಗೆ ಬೇಕಾದದ್ದನ್ನು ಕೊಂಡು ಅಪ್ಪಯ್ಯನಿಗೆ ಕಳಿಸಿದ್ದೆ, ಅಷ್ಟೆ. ಮನೆಗೆ ಏನಾದರೂ ಕೊಳ್ಳುವಾಗ ಕಾರ್ಟಿಗೆ ಹಾಕುವ ಮೊದಲು ಒಂದು ಫೋನ್ ಮಾಡಿ. ಇದನ್ನು ಬಳಸುವವರು ಏನು ಕೇಳುತ್ತಾರೆ, ಎಲ್ಲಿ ಕೂತು ಕೇಳುತ್ತಾರೆ, ಹೇಗೆ ಕೇಳುತ್ತದೆ ಎಂದು ವಿಚಾರಿಸಿ. ನಾನು ಆ ಒಂದು ಕರೆ ಮಾಡಿದ್ದರೆ ಆರು ಸಾವಿರ ಉಳಿಯುತ್ತಿತ್ತು.

ಮೊನ್ನೆ ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿದೆ. ಎರಡು ಸಲ ರಿಂಗ್ ಆದರೂ ಎತ್ತಲಿಲ್ಲ. ಕೊನೆಗೆ ಅಮ್ಮ ಎತ್ತಿ, “ಕೃಷ್ಣಸಂಧಾನ ನಡೀತಾ ಇದೆ, ಮುಗಿದ ಮೇಲೆ ಮಾಡ್ಬೇಕಂತೆ” ಅಂದಳು.