ನಳಿಗೆ ಎಷ್ಟುದ್ದ, ಚೋಕ್ ಎಷ್ಟು ಬಿಗಿ? ಗುರಿ ಸ್ಪರ್ಧೆಗೆ ಹೊರಟವರಿಗೆ ಒಂದಿಷ್ಟು ಮಾಹಿತಿ

ಡಿಚೋಲಿ: ಚುನಾವಣೆ ಬಂತೆಂದರೆ ಪರವಾನಗಿ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕಾಗುವುದು ನಮ್ಮ ಕಡೆಯ ತೋಟದವರಿಗೆ ಗೊತ್ತಿದ್ದದ್ದೇ. ಹಾಗೆ ಠಾಣೆಗೆ ಹೋಗಿ ಬರುವ ಕೋವಿಗಳಲ್ಲಿ ಬೆಳೆ ಕಾಯಲೆಂದು ತೆಗೆದುಕೊಂಡ 12 ಬೋರ್ ಕೋವಿಗಳೇ ಬಹಳ. ಒಂಟಿ ನಳಿಗೆ, ಇಲ್ಲವೇ ಅಕ್ಕಪಕ್ಕ ಜೋಡಿ ನಳಿಗೆ. ಇಂಥ ಕೋವಿ ಇರುವವರು ಕೇಳುವ ಪ್ರಶ್ನೆ ಒಂದೇ: "ನಮ್ಮ ಬಂದೂಕಿನಲ್ಲಿ ಗುರಿ ಸ್ಪರ್ಧೆಗೆ ಹೋಗಬಹುದೇ? ಫುಲ್ ಚೋಕ್ ಇದೆ, ದೂರ ಹೊಡೆಯುತ್ತದೆ."

ಈ ಕೊನೆಯ ಮಾತಿನಲ್ಲೇ ತಪ್ಪಿದೆ. ಫುಲ್ ಚೋಕ್ ಇದ್ದರೆ ಕೋವಿ ದೂರ ಹೊಡೆಯುವುದಿಲ್ಲ. ಚರೆ (ನಮ್ಮ ಮರಾಠಿ ನೆರೆಯವರು ಛರ್ರೆ ಎನ್ನುತ್ತಾರೆ) ಹಾರುವ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಚರೆಗಳು ಹರಡುವುದು ಮಾತ್ರ ಕಡಿಮೆಯಾಗುತ್ತದೆ. ಇದನ್ನು ತಿಳಿಯದೆ ಸಾವಿರಾರು ರೂಪಾಯಿ ಸುರಿದು ಬೇಡದ ಕೋವಿ ಕೊಂಡವರಿದ್ದಾರೆ.

ಚೋಕ್ ಎಂದರೆ ನಳಿಗೆಯ ಬಾಯಿಯ ಹತ್ತಿರ ಕೊಟ್ಟಿರುವ ಸಣ್ಣ ಬಿಗಿತ, ಅಷ್ಟೇ. 12 ಬೋರ್ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ. ಬಾಯಿಯ ಬಳಿ ಅದು ಒಂದು ಮಿ.ಮೀ.ನಷ್ಟು ಕಿರಿದಾಗಿದ್ದರೆ ಫುಲ್, ಅರ್ಧ ಮಿ.ಮೀ. ಆದರೆ ಮಾಡಿಫೈಡ್, ಕಾಲು ಮಿ.ಮೀ. ಆದರೆ ಇಂಪ್ರೂವ್ಡ್ ಸಿಲಿಂಡರ್. ಏನೂ ಕಿರಿದಾಗದಿದ್ದರೆ ಸಿಲಿಂಡರ್. ಮಾಡಿಫೈಡ್‌ಗೂ ಫುಲ್‌ಗೂ ನಡುವೆ ಇಂಪ್ರೂವ್ಡ್ ಮಾಡಿಫೈಡ್ ಎಂಬುದು ಒಂದಿದೆ. ಸಿಲಿಂಡರ್‌ಗಿಂತ ಕೂದಲೆಳೆಯಷ್ಟು ಬಿಗಿಯಾದದ್ದು ಸ್ಕೀಟ್ ಚೋಕ್. 1870ರ ದಶಕದಲ್ಲಿ ಇಂಗ್ಲೆಂಡಿನ ಕೋವಿ ತಯಾರಕ ಡಬ್ಲ್ಯೂ.ಡಬ್ಲ್ಯೂ. ಗ್ರೀನರ್ ಇದನ್ನು ಜನಪ್ರಿಯಗೊಳಿಸಿದ. ಅಂದಿನಿಂದ ಇಂದಿನವರೆಗೆ ಲೆಕ್ಕ ಬದಲಾಗಿಲ್ಲ.

ಅಳೆಯುವ ಪದ್ಧತಿ ಹೀಗೆ. 40 ಗಜ, ಅಂದರೆ ಸುಮಾರು 36 ಮೀಟರ್ ದೂರದಲ್ಲಿ ಕಾಗದ ಕಟ್ಟಿ ಒಂದು ಈಡು ಹೊಡೆಯುತ್ತಾರೆ. ಚರೆ ದಟ್ಟವಾಗಿ ಬಿದ್ದ ಕಡೆ 30 ಇಂಚು ಅಗಲದ ವೃತ್ತ ಬರೆಯುತ್ತಾರೆ. ತೋಟಾದೊಳಗಿನ ಒಟ್ಟು ಚರೆಯಲ್ಲಿ ಶೇ. 70ರಷ್ಟು ಆ ವೃತ್ತದೊಳಗೆ ಬಿದ್ದಿದ್ದರೆ ಅದು ಫುಲ್. ಶೇ. 60 ಬಿದ್ದರೆ ಮಾಡಿಫೈಡ್, 50 ಆದರೆ ಇಂಪ್ರೂವ್ಡ್ ಸಿಲಿಂಡರ್, 40 ಆದರೆ ಸಿಲಿಂಡರ್. ನಳಿಗೆಯ ಮೇಲೆ ಏನೇ ಕೆತ್ತಿರಲಿ, ಕಾಗದ ಹೇಳಿದ್ದೇ ನಿಜ. ಒಂದೇ ನಳಿಗೆ ಒಂದು ಕಂಪನಿಯ ತೋಟಾದಲ್ಲಿ ಮಾಡಿಫೈಡ್‌ನಂತೆಯೂ ಇನ್ನೊಂದರಲ್ಲಿ ಫುಲ್‌ನಂತೆಯೂ ನಡೆದುಕೊಳ್ಳುವುದುಂಟು.

ಇನ್ನು ಸ್ಪರ್ಧೆಗೆ ಬರೋಣ. ಒಲಿಂಪಿಕ್ಸ್‌ನಲ್ಲಿ ಈಗ ಕೋವಿಯ ಸ್ಪರ್ಧೆ ಎರಡು ಬಗೆ: ಟ್ರ್ಯಾಪ್ ಮತ್ತು ಸ್ಕೀಟ್. 2004ರಲ್ಲಿ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಬೆಳ್ಳಿ ಗೆದ್ದದ್ದು ಡಬಲ್ ಟ್ರ್ಯಾಪ್‌ನಲ್ಲಿ. ಅದು 2016ರ ರಿಯೋ ನಂತರ ಒಲಿಂಪಿಕ್ಸ್‌ನಿಂದ ಹೊರಬಿತ್ತು. ಎರಡರಲ್ಲೂ ಗುರಿ ಒಂದೇ, ಸಣ್ಣ ತಟ್ಟೆ. ಅಗಲ 110 ಮಿ.ಮೀ., ತೂಕ 105 ಗ್ರಾಂ, ದಪ್ಪ 25 ಮಿ.ಮೀ. ತೋಟಾದಲ್ಲಿ ಚರೆ 24 ಗ್ರಾಂ ಮೀರುವಂತಿಲ್ಲ. ಒಂದೊಂದು ಚರೆಯೂ 2.6 ಮಿ.ಮೀ. ಮೀರುವಂತಿಲ್ಲ. ಹಂದಿಗೆಂದು ಮನೆಯಲ್ಲಿಟ್ಟ ಎಲ್‌ಜಿ, ಎಸ್‌ಜಿ ತೋಟಾಗಳನ್ನು ಅಲ್ಲಿಗೆ ಒಯ್ಯುವ ಮಾತೇ ಇಲ್ಲ.

ಸ್ಕೀಟ್‌ನಲ್ಲಿ ತಟ್ಟೆ ಎರಡು ಗೂಡುಗಳಿಂದ, ಒಂದು ಎತ್ತರ ಒಂದು ತಗ್ಗು, ನಿಮ್ಮ ಮುಂದೆ ಅಡ್ಡ ಹಾಯುತ್ತದೆ. ಹೆಚ್ಚಿನ ತಟ್ಟೆಗಳು ಒಡೆಯುವುದು 20 ಮೀಟರ್ ಒಳಗೆ. ಈ ದೂರದಲ್ಲಿ ಸಿಲಿಂಡರ್ ನಳಿಗೆಯ ಚರೆ ಸುಮಾರು 80 ಸೆಂ.ಮೀ. ಅಗಲ ಹರಡಿರುತ್ತದೆ, ಫುಲ್ ಚೋಕ್‌ನದು 40 ಸೆಂ.ಮೀ. ಅಷ್ಟೇ. ಅಂದರೆ ಫುಲ್ ಹಿಡಿದವನು ತನ್ನ ಬಲೆಯನ್ನು ತಾನೇ ಅರ್ಧ ಮಾಡಿಕೊಂಡಂತೆ. ಒಡೆದಾಗ ತಟ್ಟೆ ಹೊಗೆಯಾಗಿ ಹೋಗುತ್ತದೆ, ನೋಡಲು ಚೆಂದ. ಆದರೆ ತುಂಡಾದರೂ ಅಂಕ ಒಂದೇ, ಪುಡಿಯಾದರೂ ಒಂದೇ. 2024ರ ಪ್ಯಾರಿಸ್‌ನಲ್ಲಿ ಸ್ಕೀಟ್ ಮಿಶ್ರ ತಂಡದ ಕಂಚಿನ ಪಂದ್ಯದಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರೂಕಾ ಚೀನಾಕ್ಕೆ ಸೋತದ್ದು ಒಂದೇ ತಟ್ಟೆಯಿಂದ, 43-44. ಅಂಕದ ಬೆಲೆ ಅಷ್ಟು. ಆದ್ದರಿಂದ ಸ್ಕೀಟ್‌ಗೆ ಸ್ಕೀಟ್ ಚೋಕ್ ಅಥವಾ ಸಿಲಿಂಡರ್, ಬೇರೆ ಯೋಚನೆ ಬೇಡ.

ಟ್ರ್ಯಾಪ್ ಬೇರೆ. ತಟ್ಟೆ ನಿಮ್ಮಿಂದ 15 ಮೀಟರ್ ಮುಂದಿನ ಹೊಂಡದಿಂದ ಚಿಮ್ಮಿ ಗಂಟೆಗೆ 100 ಕಿ.ಮೀ.ಗೂ ಮೀರಿದ ವೇಗದಲ್ಲಿ ದೂರ ಓಡುತ್ತದೆ. ಮೊದಲ ಈಡಿಗೆ 30ರಿಂದ 35 ಮೀಟರ್ ಆಗಿರುತ್ತದೆ. ತಪ್ಪಿದರೆ ಅರ್ಹತಾ ಸುತ್ತಿನಲ್ಲಿ ಎರಡನೇ ಈಡು ಹೊಡೆಯಬಹುದು, ಅಷ್ಟರಲ್ಲಿ ತಟ್ಟೆ 40 ಮೀಟರ್ ಸಮೀಪ. ಇನ್ನೊಂದು ತೊಂದರೆ: ದೂರ ಓಡುವ ತಟ್ಟೆಯ ಬೆನ್ನು ಹೆಚ್ಚಾಗಿ ಕಾಣುವುದಿಲ್ಲ, ಅಂಚು ಕಾಣುತ್ತದೆ. ಅಂಚು ಮಾತ್ರ ಕಂಡರೆ ಅದು 27 ಚದರ ಸೆಂ.ಮೀ. ಆಸುಪಾಸು, ಒಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. 24 ಗ್ರಾಂನಲ್ಲಿ 2.4 ಮಿ.ಮೀ. ಚರೆ ಸುಮಾರು 300 ಇರುತ್ತವೆ. 36 ಮೀಟರ್‌ನಲ್ಲಿ ಫುಲ್ ಚೋಕ್‌ನಿಂದ ವೃತ್ತಕ್ಕೆ 210 ಬಿದ್ದರೆ ಆ ಅಂಚಿಗೆ ಸರಾಸರಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಚರೆ ಬಂತು. ಸಿಲಿಂಡರ್‌ನಿಂದ 120 ಬಿದ್ದರೆ ಸರಾಸರಿ ಒಂದೂ ಬರಲಿಲ್ಲ. ಗುರಿ ಸರಿಯಿದ್ದರೂ ತಟ್ಟೆ ಚರೆಗಳ ಸಂದಿನಲ್ಲಿ ನುಸುಳಿ ಹೋಗುತ್ತದೆ. ಟ್ರ್ಯಾಪ್‌ನವರು ಮೊದಲ ನಳಿಗೆಗೆ ಇಂಪ್ರೂವ್ಡ್ ಮಾಡಿಫೈಡ್, ಎರಡನೆಯದಕ್ಕೆ ಫುಲ್ ಇಟ್ಟುಕೊಳ್ಳುವುದು ಇದಕ್ಕಾಗಿ. ಹೊಸಬರಾದರೆ ಮೊದಲನೆಯದಕ್ಕೆ ಮಾಡಿಫೈಡ್ ಸಾಕು ಎಂಬುದು ನನ್ನ ಅಭಿಪ್ರಾಯ. ಕೈ ಪಳಗಿದ ಮೇಲೆ ಬಿಗಿ ಮಾಡಿಕೊಳ್ಳಲಿ.

ನಳಿಗೆಯ ಉದ್ದದ ವಿಷಯದಲ್ಲೂ ಇಂಥದೇ ಮೂಢನಂಬಿಕೆ. ಎರಡಿಂಚು ಉದ್ದವಾದರೆ ಚರೆಯ ವೇಗ ಸೆಕೆಂಡಿಗೆ ನಾಲ್ಕೈದು ಮೀಟರ್ ಹೆಚ್ಚೀತು. ಒಟ್ಟು ವೇಗ 400 ಮೀಟರ್ ಆಸುಪಾಸು ಇರುವಾಗ ಅದು ಲೆಕ್ಕಕ್ಕಿಲ್ಲ. ಉದ್ದ ಬೇಕಾಗುವುದು ಕೋವಿ ಒಂದೇ ಸಮನೆ ತಿರುಗಲು, ನಡುವೆ ನಿಂತುಬಿಡದಿರಲು. ಟ್ರ್ಯಾಪ್‌ಗೆ 30 ಅಥವಾ 32 ಇಂಚು, ಸ್ಕೀಟ್‌ಗೆ 28ರಿಂದ 30 ಇಂಚು ರೂಢಿ. ಕುಳ್ಳಗಿನವರು 32 ಇಂಚು ಹಿಡಿದು ಒದ್ದಾಡುವುದಕ್ಕಿಂತ 28 ಹಿಡಿಯುವುದು ವಾಸಿ. ಸ್ಪರ್ಧೆಯಲ್ಲಿ ಮೇಲೆ ಕೆಳಗೆ ಜೋಡಿಸಿದ ನಳಿಗೆಯ ಕೋವಿಯೇ ಹೆಚ್ಚು ಕಾಣುತ್ತದೆ. ಕಣ್ಣಿಗೆ ಒಂದೇ ಗೆರೆ ಸಿಗುತ್ತದೆ, ಕೆಳಗಿನ ನಳಿಗೆಯ ಒದೆತ ನೇರ ಭುಜಕ್ಕೆ ಬಂದು ಎರಡನೇ ಈಡಿಗೆ ಬಾಯಿ ಮೇಲೆ ಹಾರುವುದಿಲ್ಲ.

ತಟ್ಟೆ ಹಾರಿಸುವ ರೇಂಜ್ ದೂರದ ಮಾತಾಯಿತು. ದೆಹಲಿಯ ತುಘಲಕಾಬಾದ್‌ನ ಕರ್ಣಿ ಸಿಂಗ್ ರೇಂಜ್ 1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ಕಟ್ಟಿದ್ದು. ಬಿಕಾನೇರ್‌ನ ಆ ಕರ್ಣಿ ಸಿಂಗ್ 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟ್ರ್ಯಾಪ್ ಬೆಳ್ಳಿ ಗೆದ್ದವರು. 2006ರಲ್ಲಿ ಮಾನವ್‌ಜೀತ್ ಸಿಂಗ್ ಸಂಧು ಟ್ರ್ಯಾಪ್ ವಿಶ್ವ ಚಾಂಪಿಯನ್ನೇ ಆದರು. ನಮ್ಮ ಕನ್ನಡದವರಿಗೆ ಹತ್ತಿರದ ಕೋವಿ ಸ್ಪರ್ಧೆ ಎಂದರೆ ಕೊಡಗಿನದು. ಕೈಲ್‌ಪೊಳ್ದ್ ಹಬ್ಬದ ಸುಮಾರಿಗೆ ಅಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ, ರೈಫಲ್‌ಗೂ 12 ಬೋರ್‌ಗೂ ಬೇರೆ ಬೇರೆ ವಿಭಾಗ ಇಡುವುದುಂಟು. ಕಾಯಿ ಹಾರುವುದಿಲ್ಲ, ಇದ್ದಲ್ಲೇ ಇರುತ್ತದೆ. ಇಲ್ಲಿ ಅಗಲ ಬಲೆ ಬೇಕಿಲ್ಲ, ಚರೆ ಒಟ್ಟಾಗಿ ಬೀಳಬೇಕು. ನಿಮ್ಮ ಮನೆಯ ಹಳೆಯ ಜೋಡಿ ನಳಿಗೆಯ ಎಡ ನಳಿಗೆ, ಅದೇ ಸಾಮಾನ್ಯವಾಗಿ ಹೆಚ್ಚು ಬಿಗಿ ಇರುವುದು, ಇಲ್ಲಿ ಉಪಯೋಗಕ್ಕೆ ಬರುತ್ತದೆ. ಯಾವ ತೋಟಾಕ್ಕೆ ಅವಕಾಶವಿದೆ ಎಂದು ಆಯೋಜಕರನ್ನು ಮೊದಲೇ ಕೇಳಿಕೊಳ್ಳಿ. ಒಂಟಿ ಗುಂಡಿನ ತೋಟಾ ಆದರೆ ಫುಲ್ ಚೋಕ್ ನಳಿಗೆಯಲ್ಲಿ ಹಾಕಲೇಬೇಡಿ. ಗುಂಡು ಬಿಗಿ ಬಾಯಿಯಲ್ಲಿ ಸಿಕ್ಕಿಕೊಂಡರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು.

ಹಳೆಯ ಕೋವಿ ಇರುವವರು ಇನ್ನೊಂದನ್ನು ನೋಡಬೇಕು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವುಗಳ ತೋಟಾ ಮನೆ 65 ಮಿ.ಮೀ. (ಎರಡೂವರೆ ಇಂಚು). ಈಗಿನ ತೋಟಾ 70 ಮಿ.ಮೀ. ಈ ಅಳತೆ ಹೊಡೆದು ಬಾಯಿ ಬಿಚ್ಚಿದ ಮೇಲಿನದು. ಹಾಗಾಗಿ ಹೊಡೆಯದ 70ರ ತೋಟಾ 65ರ ಮನೆಯಲ್ಲಿ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. ಹೊಡೆದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒಳಗಿನ ಒತ್ತಡ ಏರುತ್ತದೆ. ಕೂತಿತು ಎಂದ ಮಾತ್ರಕ್ಕೆ ಸರಿಯಾಯಿತು ಎಂದುಕೊಳ್ಳಬೇಡಿ. ನಳಿಗೆಯ ಬುಡದಲ್ಲಿ ಅಳತೆ ಕೆತ್ತಿರುತ್ತದೆ. ಓದಲು ಬಾರದಿದ್ದರೆ ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತೋರಿಸಿ.

ಈಗಿನ ಕೋವಿಗಳಲ್ಲಿ ಚೋಕ್ ತಿರುಪಿ ಹಾಕುವ ಕೊಳವೆಯಾಗಿ ಬರುತ್ತದೆ. ಅದರ ಅಂಚಿನಲ್ಲಿ ಗೀರುಗಳಿರುತ್ತವೆ: ಒಂದು ಗೀರು ಫುಲ್, ಮೂರು ಮಾಡಿಫೈಡ್, ಐದು ಸಿಲಿಂಡರ್. ಇಟಲಿಯ ಕೋವಿಗಳ ನಳಿಗೆಯ ಮೇಲೆ ಗೀರಿನ ಬದಲು ನಕ್ಷತ್ರ ಇರುತ್ತದೆ, ಲೆಕ್ಕ ಹಾಗೆಯೇ. ಕಡಿಮೆ ಗೀರು ಎಂದರೆ ಹೆಚ್ಚು ಬಿಗಿ, ತಿರುಗುಮುರುಗು ಎನಿಸುತ್ತದೆ, ನೆನಪಿಟ್ಟುಕೊಳ್ಳಿ. ಕೊಳವೆ ಸಡಿಲವಿದ್ದಾಗಲೂ ಇಲ್ಲದೆಯೂ ಹೊಡೆಯಬಾರದು. ಹಳೆಯ ನಳಿಗೆಗೆ ಲೇತ್ ಅಂಗಡಿಯಲ್ಲಿ ಮರೆ ಕೊರೆಸುವುದು, ಬಾಯಿ ಕೊರೆದು ಚೋಕ್ ತೆಗೆಸುವುದು ಬೇಡವೇ ಬೇಡ. ನಳಿಗೆ ಕತ್ತರಿಸುವುದಂತೂ ಅಪರಾಧ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ನಳಿಗೆ ಗಿಡ್ಡ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ ಸೆರೆವಾಸ.

ಹೊಸದಕ್ಕೆ ಹಣ ಹಾಕುವ ಮೊದಲು ಮಾಡಬೇಕಾದ್ದು ಕಾಗದದ ಪರೀಕ್ಷೆ. ಅದೂ ಅನುಮತಿ ಇರುವ ರೇಂಜಿನಲ್ಲಿ, ಮನೆ ಹಿತ್ತಲಲ್ಲಲ್ಲ. ಒಂದು ಮೀಟರ್‌ಗಿಂತ ದೊಡ್ಡ ಕಾಗದ ಐದಾದರೂ ಒಯ್ಯಿರಿ, ನೀವು ಸ್ಪರ್ಧೆಯಲ್ಲಿ ಬಳಸುವ ತೋಟಾವನ್ನೇ ಒಯ್ಯಿರಿ. ವೃತ್ತ ಬರೆದು ಎಣಿಸಿ. ಚರೆ ದಟ್ಟವಾಗಿ ಬಿದ್ದ ಜಾಗ ನೀವು ಗುರಿ ಇಟ್ಟ ಜಾಗದಿಂದ ಪ್ರತಿ ಸಲವೂ ಅಂಗೈಯಗಲ ಎಡಕ್ಕೋ ಕೆಳಕ್ಕೋ ಇದ್ದರೆ ದೋಷ ಚೋಕ್‌ನದಲ್ಲದಿರಬಹುದು. ಹೆಚ್ಚಾಗಿ ಕೋವಿಯ ಹಿಂಬದಿಯ ಮರ ನಿಮ್ಮ ಭುಜ ಕೆನ್ನೆಗೆ ಹೊಂದಿರುವುದಿಲ್ಲ, ಇಲ್ಲವೇ ಬಲಗೈಯವರಿಗೆ ಎಡಗಣ್ಣು ಮುಂದಾಗಿರುತ್ತದೆ. ಮರ ಸರಿ ಮಾಡಿಸಲು ಆಗುವ ಖರ್ಚು ಹೊಸ ನಳಿಗೆಯ ಮುಂದೆ ಏನೂ ಅಲ್ಲ.

ಕೊಡಗಿನ ಸ್ಪರ್ಧೆಗೆ ಹೊರಡುವವರಿಗೆ ಒಂದು ಮಾತು. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ. 1861ರಿಂದ ಬಂದ ಪದ್ಧತಿ ಅದು. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆ ವಿನಾಯಿತಿ ನಮಗಿಲ್ಲ. ನಿಮ್ಮ ಪರವಾನಗಿ ಗೋವಾಕ್ಕೆ ಮಾತ್ರವೋ, ಇಡೀ ದೇಶಕ್ಕೋ ಎಂದು ಪುಸ್ತಕದಲ್ಲೇ ಬರೆದಿರುತ್ತದೆ. ಗೋವಾಕ್ಕೆ ಮಾತ್ರ ಇದ್ದರೆ ದೋಡಾಮಾರ್ಗ ದಾಟಿದರೂ ತಪ್ಪು, ಚೋರ್ಲಾ ಘಾಟ್ ಹತ್ತಿದರೂ ತಪ್ಪು. ಸ್ಪರ್ಧೆಗೆ ಎರಡು ತಿಂಗಳು ಮುಂಚೆಯೇ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಹೊರಟಾಗ ಕೋವಿ ಬಿಚ್ಚಿ ಪೆಟ್ಟಿಗೆಯಲ್ಲಿ, ತೋಟಾ ಬೇರೆ ಚೀಲದಲ್ಲಿ, ಮೂಲ ಪರವಾನಗಿ ಜೇಬಿನಲ್ಲಿ.