ಚಾರ್ಮಿನಾರ್ ನೋಡಿದ್ರಿ, ಬೀದರ್ ನೋಡಿದ್ರಾ?

ಹೈದರಾಬಾದಿಗೆ ಕೆಲಸಕ್ಕೆ ಬಂದ ನಾವು ವಾಟ್ಸಾಪ್ ಗೆಳೆಯರಿಗೆ ಮೊದಲು ಕಳಿಸೋದು ಚಾರ್ಮಿನಾರ್ ಫೋಟೋ, ಆಮೇಲೆ ಬಿರಿಯಾನಿ. "ಅಲ್ಲಿ ನಮ್ಮದೇನಿದೆ?" ಅಂತ ಯಾರಾದ್ರೂ ಕೇಳಿದರೆ ನಾನು ಹೇಳೋದು ಇಷ್ಟು.

ಗೋಲ್ಕೊಂಡದಿಂದ ಶುರು ಮಾಡೋಣ. ಫತೇ ದರ್ವಾಜಾದಲ್ಲಿ ಚಪ್ಪಾಳೆ ತಟ್ಟಿದರೆ ಮೇಲೆ ಬಾಲಾ ಹಿಸಾರ್‌ನಲ್ಲಿ ಕೇಳುತ್ತೆ. ಗೈಡ್‌ಗಳು ಎಲ್ಲರಿಗೂ ಇದನ್ನ ತೋರಿಸ್ತಾರೆ. ಈ ಕೋಟೆ ಮೊದಲು ಬೀದರಿನಿಂದ ಆಳುತ್ತಿದ್ದ ಬಹಮನಿ ಸುಲ್ತಾನರ ಕೈಯಲ್ಲಿತ್ತು. ಕುತುಬ್ ಶಾಹಿ ಮನೆತನದ ಮೂಲಪುರುಷ ಸುಲ್ತಾನ್ ಕುಲಿ ಅವರ ಅಧಿಕಾರಿ. ಅವನ ವಂಶದ ಮೊಹಮ್ಮದ್ ಕುಲಿ 1591ರಲ್ಲಿ ಚಾರ್ಮಿನಾರ್ ಕಟ್ಟಿಸಿದ.

ಆಮೇಲೆ ಸಾಲಾರ್ ಜಂಗ್ ಮ್ಯೂಸಿಯಂ. ಶುಕ್ರವಾರ ರಜೆ, ನೆನಪಿರಲಿ. ಅಲ್ಲಿ ಬಿದರಿ ಸಾಮಾನು ಹುಡುಕಿ. ಸತು-ತಾಮ್ರದ ಎರಕದಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಬೆರೆಸಿದ ದ್ರಾವಣ ಹಚ್ತಾರೆ. ಲೋಹ ಕಪ್ಪಾಗುತ್ತೆ, ಬೆಳ್ಳಿ ಹೊಳೀತಾ ಉಳಿಯುತ್ತೆ.

ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಲ್ಲಿನ ನಮ್ಮ ಅಜ್ಜಂದಿರಿಗೆ ರಾಜಧಾನಿ ಇದೇ ಊರು. ಹೈಕೋರ್ಟು, ಉಸ್ಮಾನಿಯಾ ವಿಶ್ವವಿದ್ಯಾಲಯ ಎರಡೂ ಇಲ್ಲೇ.

ಹಾಗಾಗಿ ಒಂದು ಶನಿವಾರ ಕಾರನ್ನ ಮುಂಬೈ ಹೆದ್ದಾರಿಗೆ ಹಾಕಿ, ಜಹೀರಾಬಾದಿನಲ್ಲಿ ಬಲಕ್ಕೆ ತಿರುಗಿ. ಬೀದರ್ ಸುಮಾರು 140 ಕಿ.ಮೀ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಯಲ್ಲಿ ಬಣ್ಣದ ಬಿಲ್ಲೆಗಳು ಅಲ್ಲಲ್ಲಿ ಇನ್ನೂ ಇವೆ. ಫೋಟೋ ಜೊತೆ ಈ ನಂಟಿನ ಬಗ್ಗೆ ಎರಡು ಸಾಲೂ ಬರೆದು ಕಳಿಸಿ. ಗುಂಪಲ್ಲಿ ಕಲಬುರಗಿ ಕಡೆಯವರಿದ್ದರೆ ಅವರಜ್ಜನ ಕತೆ ತಾನಾಗೇ ಶುರುವಾಗುತ್ತೆ.